ಯಾರ ಬಂದೂಕಿಗೂ ಹೊಂದದ ಗುಂಡು

ಆ ಊರಿನಲ್ಲಿ ಬಂದೂಕು ಇಲ್ಲದ ಮನೆ ಇರಲಿಲ್ಲ. ತನ್ನ ಗುಂಡನ್ನು ತಾನೇ ಇಟ್ಟುಕೊಂಡ ಮನೆಯೂ ಇರಲಿಲ್ಲ. ಊರಿನ ಕಟ್ಟಳೆ ಹಾಗಿತ್ತು: ಬಂದೂಕು ನಿನ್ನ ಮನೆಯಲ್ಲಿ, ಅದರ ಗುಂಡು ಎದುರು ಮನೆಯಲ್ಲಿ, ಎದುರು ಮನೆಯವರ ಬಂದೂಕು ಅವರಲ್ಲಿ, ಅವರ ಗುಂಡು ನಿನ್ನಲ್ಲಿ. ಅದಕ್ಕೇ ಅಲ್ಲಿನ ಓಣಿಗಳಲ್ಲಿ ಮನೆಗಳೆಲ್ಲ ಜೋಡಿ ಜೋಡಿಯಾಗಿ, ಬಾಗಿಲಿಗೆ ಬಾಗಿಲು ನೋಡುತ್ತ ನಿಂತಿದ್ದವು. ಒಂಟಿ ಮನೆ ಕಟ್ಟಲು ಯಾರಿಗೂ ಅಪ್ಪಣೆ ಇರಲಿಲ್ಲ.

ಯಾರಿಗಾದರೂ ಬಂದೂಕು ಹಾರಿಸಬೇಕು ಅನ್ನಿಸಿದರೆ ಓಣಿ ದಾಟಿ ಹೋಗಬೇಕು. ಎದುರು ಮನೆಯ ಹೊಸ್ತಿಲ ಹೊರಗೆ ನಿಂತು, ನಮ್ಮ ಗುಂಡು ಕೊಡಿ ಎಂದು ಕೇಳಬೇಕು. ಯಾಕೆ ಎಂದು ಅವರು ಕೇಳುತ್ತಾರೆ. ಇಂಥವನನ್ನು ಹೊಡೆಯಲಿಕ್ಕೆ ಎಂದು ಬಾಯಿಬಿಟ್ಟು ಹೇಳಬೇಕು. ಕೊಡುವುದು ಬಿಡುವುದು ಇಟ್ಟುಕೊಂಡವರ ಇಷ್ಟ. ಇಷ್ಟೆಲ್ಲ ಆಗುವುದರೊಳಗೆ ಎಂಥವನ ಕೋಪವೂ ಇಳಿದು ನಾಚಿಕೆ ಹತ್ತುತ್ತದೆ ಎಂದು ಕಟ್ಟಳೆ ಮಾಡಿದ ಹಿರಿಯರು ಎಣಿಸಿದ್ದರು. ಅವರ ಎಣಿಕೆ ತಪ್ಪಿರಲಿಲ್ಲ. ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ, ಗುಂಡು ತಗುಲಿ ಯಾರೂ ಸತ್ತಿರಲಿಲ್ಲ.

ದಿನಾ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಬಾಗಿಲಿಗೆ ಬರುತ್ತಿದ್ದರು. ಎದುರಿನವರನ್ನು ನೋಡಿ "ನಮ್ಮವು ಅದಾವೇನ್ರಿ?" ಎಂದು ಕೇಳುತ್ತಿದ್ದರು. "ಅದಾವ. ನಮ್ಮವು?" "ಅದಾವ." ಓಣಿಯ ಈ ತುದಿಯಿಂದ ಆ ತುದಿಯವರೆಗೆ ಇದೇ ಮಾತು, ಇದೇ ಉತ್ತರ. ಆಮೇಲೆ ದೀಪ ಹಚ್ಚಿ ಒಳಗೆ ಹೋಗುತ್ತಿದ್ದರು. ಹೋಗಿ ಮಲಗುತ್ತಿದ್ದರು. ಆದರೆ ನಿದ್ದೆ ಬರುತ್ತಿರಲಿಲ್ಲ.

ಇದು ಊರಿಗೆಲ್ಲ ಇದ್ದ ಕಾಯಿಲೆ. ಕೂಸುಗಳು ಮಲಗುತ್ತಿದ್ದವು, ಬಂದೂಕು ಎಂದರೇನು ಎಂದು ತಿಳಿಯುವ ವಯಸ್ಸಾದ ಮೇಲೆ ಅವಕ್ಕೂ ನಿದ್ದೆ ಹಾರುತ್ತಿತ್ತು. ಕಣ್ಣೆವೆ ಕೂಡಿತು ಅನ್ನುವಾಗ ಎದುರು ಮನೆಯಲ್ಲಿ ಪಾತ್ರೆ ಸದ್ದಾದರೂ ಧಡಕ್ಕನೆ ಎದ್ದು ಕೂರುತ್ತಿದ್ದರು. ಕೇಳಿದರೆ ಹವೆ ಸರಿಯಿಲ್ಲ ಅನ್ನುತ್ತಿದ್ದರು, ನೀರು ಉಷ್ಣ ಅನ್ನುತ್ತಿದ್ದರು. ನಿಜ ಏನೆಂದು ಎಲ್ಲರಿಗೂ ಗೊತ್ತಿತ್ತು. ಊರಿಗೆ ಗುಂಡು ಎರೆಯುವವನು ಒಬ್ಬನೇ, ಎರಕದವನು. ಅವನ ಹತ್ತಿರ ಇದ್ದದ್ದು ಒಂದೇ ಅಚ್ಚು. ಊರಿನ ಬಂದೂಕುಗಳೆಲ್ಲ ಒಂದೇ ಅಳತೆ, ಗುಂಡುಗಳೆಲ್ಲ ಒಂದೇ ಅಳತೆ. ಅಂದಮೇಲೆ ಕಾಯಲಿಕ್ಕೆಂದು ಕೊಟ್ಟ ಎದುರು ಮನೆಯ ಗುಂಡು ನನ್ನ ಬಂದೂಕಿಗೇ ಹೊಂದುತ್ತದೆ. ನನ್ನದು ಅವನ ಬಂದೂಕಿಗೆ ಹೊಂದುತ್ತದೆ. ಯಾರೂ ಓಣಿ ದಾಟಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಕೈ ಚಾಚಿದರೆ ಆಯಿತು.

ಇದು ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಆಡದ ಮಾತು. ಆಡಿದವರನ್ನು ಊರು ಉಳಿಸುವುದಿಲ್ಲ ಎಂಬುದೂ ಗೊತ್ತಿತ್ತು. ಬೇರೆ ಯಾವ ತಪ್ಪಿಗೂ ಅಲ್ಲಿ ಅಂಥ ಶಿಕ್ಷೆ ಇರಲಿಲ್ಲ, ಏಕೆಂದರೆ ಬೇರೆ ಯಾವ ತಪ್ಪೂ ಅಷ್ಟು ದೊಡ್ಡದು ಅನ್ನಿಸಿರಲಿಲ್ಲ.

ಊರಿಗೆ ನಿದ್ದೆ ಇಲ್ಲದ್ದರಿಂದ ಗಾಣದವನಿಗೆ ಬಿಡುವಿರಲಿಲ್ಲ. ಬೆಳತನಕ ಉರಿಯುವ ದೀಪಗಳಿಗೆ ಎಣ್ಣೆ ಬೇಕಲ್ಲ. ಅವನು ಹೆಂಡತಿ ತೀರಿಕೊಂಡ ಒಬ್ಬಂಟಿ. ಎತ್ತಿನ ಕಣ್ಣಿಗೆ ಪಟ್ಟಿ ಕಟ್ಟಿ ಗಾಣ ತಿರುಗಿಸುತ್ತಿದ್ದ, ಎಣ್ಣೆ ಅಳೆದು ಕೊಡುತ್ತಿದ್ದ. ಸಂಜೆ ಪಟ್ಟಿ ಬಿಚ್ಚಿದ ಕೂಡಲೇ ಎತ್ತು ನಿಂತಲ್ಲೇ ತೂಕಡಿಸುತ್ತಿತ್ತು. ಅದನ್ನು ನೋಡಿ ಅವನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಂದು ಮೂಕ ಪ್ರಾಣಿಯ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ಬಂದೆನಲ್ಲ ಎಂದು ಅಳುವೂ ಬರುತ್ತಿತ್ತು.

ಅವನ ಎದುರು ಮನೆಯ ಮುದುಕಿ ಸತ್ತಳು. ಒಬ್ಬೊಬ್ಬರಿಗೆ ಆಯುಷ್ಯಕ್ಕೆ ಒಂದೇ ಬಂದೂಕು. ಅದನ್ನು ಬದಲಿಸುವಂತಿಲ್ಲ, ಇನ್ನೊಬ್ಬರಿಗೆ ಬಿಡುವಂತಿಲ್ಲ. ಹಾಗಾಗಿ ಮುದುಕಿಯ ಬಂದೂಕನ್ನೂ ಗಾಣದವನ ಹತ್ತಿರವಿದ್ದ ಅದರ ಗುಂಡನ್ನೂ ಮುದುಕಿಯ ಜೊತೆಗೇ ಹೂತರು. ಕೆಲವು ದಿನ ಆ ಮನೆ ಖಾಲಿ ಇತ್ತು. ಆಮೇಲೆ ಮುದುಕಿಯ ಅಣ್ಣನ ಮಗಳು ಬಂದಳು. ಬಹಳ ದೂರದಿಂದ, ಒಂದು ಗಂಟು ಹಳೆಬಟ್ಟೆ ಹೊತ್ತು ಬಂದಳು. ಹಳೆಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ನಿದ್ದೆಯಿಲ್ಲದ ಊರಿಗೆ ಹೊದಿಕೆ ಮಾಡುವವಳು ಬಂದಳು ಎಂದು ಜನ ಮುಸಿಮುಸಿ ನಕ್ಕರು.

ಯಜಮಾನ ಅವಳನ್ನು ಕಟ್ಟೆಗೆ ಕರೆಸಿದ. ಯಜಮಾನ ಎಂದರೆ ಊರಿನ ಕಟ್ಟಳೆಯನ್ನು ಬಾಯಿಪಾಠ ಬಲ್ಲವನು. ಅವನ ಮುಖದಲ್ಲಿ ಕಣ್ಣಿನ ಕೆಳಗಿನ ಕಪ್ಪು ಎಲ್ಲರಿಗಿಂತ ಹೆಚ್ಚಿತ್ತು. ಮನೆಯಿದ್ದ ಮೇಲೆ ಬಂದೂಕು ಇರಬೇಕು, ನಿನ್ನದೆಲ್ಲಿ ಎಂದು ಕೇಳಿದ. ಅವಳು ಸೊಂಟದ ಚೀಲದಿಂದ ಒಂದು ಪಿಸ್ತೂಲು ತೆಗೆದು ಕಟ್ಟೆಯ ಮೇಲಿಟ್ಟಳು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣದು. ಅದರ ಪಕ್ಕದಲ್ಲಿ ಒಂದು ಹಿಡಿ ಗುಂಡು ಸುರಿದಳು. ಅವು ಊರಿನ ಗುಂಡಿನ ಅರ್ಧದಷ್ಟೂ ಇರಲಿಲ್ಲ. ಎರಕದವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಇಂಥ ಅಳತೆ ಕಂಡೇ ಇಲ್ಲ, ಇದು ಖರ್ಚಾದರೆ ನನ್ನಿಂದ ಎರೆದು ಕೊಡಲಾಗುವುದಿಲ್ಲ ಎಂದ.

ಅವಳು ಅದಕ್ಕೆ ಚಿಂತೆ ಮಾಡಲಿಲ್ಲ. ಪಿಸ್ತೂಲು ಅವಳ ಅಪ್ಪನದು. ಬಂದರಿನಲ್ಲಿ ಯಾರೋ ಪರದೇಶಿ ಕೊಟ್ಟು ಹೋಗಿದ್ದ. ಎಷ್ಟೋ ಪೇಟೆ ತಿರುಗಿದರೂ ಅದರ ಅಳತೆಯ ಗುಂಡು ಎಲ್ಲೂ ಸಿಗಲಿಲ್ಲ. ಇದ್ದ ಒಂದು ಹಿಡಿಯನ್ನೇ ಅಪ್ಪ ಜೋಪಾನ ಮಾಡಿದ. ನಾಯಿ ಅಟ್ಟಿಸಿಕೊಂಡು ಬಂದಾಗ ಕಲ್ಲು ಹುಡುಕಿದ, ಕಳ್ಳ ಬಂದಾಗ ಕೂಗಿದ, ಪಿಸ್ತೂಲು ಮುಟ್ಟಲಿಲ್ಲ.

"ಗುಂಡು ಮತ್ತ ಸಿಗಂಗಿಲ್ಲ ಅಂತ ಗೊತ್ತಿದ್ರ ಸಿಟ್ಟೂ ವಿಚಾರ ಮಾಡಿ ಬರತೈತಿ ಅಂತಿದ್ದ ನಮ್ಮಪ್ಪ" ಎಂದಳು.

ಕಟ್ಟೆಯ ಮೇಲಿದ್ದವರು ಆಟಿಕೆ ನೋಡಿದ ಹಾಗೆ ನೋಡಿ ನಕ್ಕರು. ಸಣ್ಣದಾದರೂ ಬಂದೂಕು ಬಂದೂಕೇ ಎಂದು ಯಜಮಾನ ಒಪ್ಪಿದ. ಅವಳ ಗುಂಡನ್ನು ಗಾಣದವನ ಕೈಗೆ ಕೊಡಿಸಿದ, ಗಾಣದವನ ಗುಂಡನ್ನು ಅವಳ ಕೈಗೆ ಕೊಡಿಸಿದ. ಯಾರಿಗೂ ಏನೂ ಹೊಳೆಯಲಿಲ್ಲ. ಕಟ್ಟಳೆ ನಡೆಯಿತು ಅಷ್ಟೇ.

ಗಾಣದವನು ಮನೆಗೆ ಬಂದು ಕದ ಹಾಕಿ, ಆ ಊರಿನಲ್ಲಿ ಎಲ್ಲರೂ ಕದ ಹಾಕಿಕೊಂಡು ಮಾಡುವ ಕೆಲಸವನ್ನೇ ಮಾಡಿದ. ಎದುರು ಮನೆಯ ಗುಂಡನ್ನು ತನ್ನ ಬಂದೂಕಿಗೆ ಹಾಕಿ ನೋಡಿದ. ಗುಂಡು ನಳಿಗೆಯ ಒಳಗೆ ಜಾರಿತು, ಉರುಳಿತು, ಆ ತುದಿಯಿಂದ ಈಚೆ ನೆಲಕ್ಕೆ ಬಿತ್ತು. ಇನ್ನೊಂದು ಹಾಕಿದ. ಅದೂ ಬಿತ್ತು. ಊರಿಗೆಲ್ಲ ಕೈಗೆಟುಕುವಷ್ಟು ದೂರದಲ್ಲಿ ಗುಂಡು ಇದೆ, ನನಗೊಬ್ಬನಿಗೇ ಇಲ್ಲ. ನನ್ನ ಗುಂಡು ಅವಳ ಹತ್ತಿರ ಇದೆ. ಅವಳು ಈಗ ಎದ್ದು ಬಂದರೆ ಒನಕೆ ಹಿಡಿದು ನಿಲ್ಲಬೇಕಷ್ಟೇ.

ಅವನು ಒನಕೆ ಹಿಡಿದು ಕದದ ಹಿಂದೆ ಕೂತ. ಕೂತು ಕೂತು, ಅವಳು ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸಿದ. ಅವಳೂ ಹಾಕಿ ನೋಡುತ್ತಿರಬಹುದು. ನನ್ನ ದಪ್ಪ ಗುಂಡನ್ನು ಆ ಸಣ್ಣ ಪಿಸ್ತೂಲಿಗೆ ಹಾಕಿ ನೋಡುತ್ತಿರಬಹುದು. ಹಾಗೆ ಅಂದುಕೊಂಡವನಿಗೆ ತಟ್ಟನೆ ಹೊಳೆಯಿತು. ಹೋಗುವುದಿಲ್ಲ. ನಳಿಗೆಯ ಬಾಯಿಗೇ ಹೋಗುವುದಿಲ್ಲ. ನನ್ನ ಹತ್ತಿರ ಇರುವುದು ನನಗೆ ಹೊಂದುವುದಿಲ್ಲ, ಅವಳ ಹತ್ತಿರ ಇರುವುದು ಅವಳಿಗೆ ಹೊಂದುವುದಿಲ್ಲ. ಅವಳು ಹಾರಿಸಬೇಕಾದರೆ ನನ್ನನ್ನು ಕೇಳಬೇಕು, ನಾನು ಹಾರಿಸಬೇಕಾದರೆ ಅವಳನ್ನು ಕೇಳಬೇಕು. ಇಡೀ ಊರಿನಲ್ಲಿ ಕಟ್ಟಳೆ ನಿಜವಾಗಿ ನಡೆಯುವುದು ಈ ಎರಡು ಬಾಗಿಲುಗಳ ನಡುವೆ ಮಾತ್ರ. ಅವನು ಒನಕೆ ಮೂಲೆಗಿಟ್ಟು ಚಾಪೆಗೆ ಮೈಚಾಚಿದ. ಎಚ್ಚರವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎತ್ತು ಹಸಿದು ಕೂಗುತ್ತಿತ್ತು.

ಮೊದಲ ದಿನ ಜನ ಗಾಣದವನು ಸತ್ತನೆಂದೇ ತಿಳಿದು ಬಂದಿದ್ದರು. ಎರಡನೆಯ ದಿನವೂ ಗಾಣದ ಸದ್ದು ತಡವಾಗಿ ಕೇಳಿದಾಗ ಅವನ ಮುಖ ನೋಡಲೆಂದೇ ಬಂದರು. ಎಣ್ಣೆ ಬೇಕಿಲ್ಲದವರೂ ಗಿಂಡಿ ಹಿಡಿದು ಬಂದರು. ಕಣ್ಣಿನ ಕೆಂಪು ಹೋಗಿದೆ, ಕೆನ್ನೆ ತುಂಬಿದೆ, ಮಾತಿನ ನಡುವೆ ಬೆಚ್ಚುವುದಿಲ್ಲ. ಏನು ಔಷಧಿ ತೆಗೆದುಕೊಂಡೆ ಎಂದು ಪೀಡಿಸಿದರು. ಅವನು ಹೇಳಲಿಲ್ಲ, ಹೇಳಿದರೆ ಆಡಬಾರದ ಮಾತು ಆಡಬೇಕಾಗುತ್ತಿತ್ತು. ಅವನು ಎದುರು ಮನೆಯವಳಿಂದ ಒಂದು ಕೌದಿ ಮಾತ್ರ ತೆಗೆದುಕೊಂಡಿದ್ದ. ಆದ್ದರಿಂದ ಎಲ್ಲರೂ ಹೋಗಿ ಕೌದಿ ತಂದರು. ಹೊದ್ದರು. ಸೆಖೆಯಾಯಿತೇ ಹೊರತು ನಿದ್ದೆ ಬರಲಿಲ್ಲ.

ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಗೊತ್ತಿದ್ದದ್ದನ್ನು ತಿಳಿಯಲು ಎಷ್ಟು ಹೊತ್ತು ಬೇಕು? ಒಬ್ಬೊಬ್ಬರೇ ಕೌದಿಯವಳ ಬಾಗಿಲಿಗೆ ಬರತೊಡಗಿದರು. ನಮ್ಮ ಗುಂಡನ್ನೂ ನೀನೇ ಇಟ್ಟುಕೋ ಎಂದು ಪಿಸುಗುಟ್ಟಿದರು. ಯಾಕೆ ಎಂದರೆ ನೆಲ ನೋಡಿದರು. ಗಂಡ ಬಂದು ಹೋದದ್ದು ಹೆಂಡತಿಗೆ ತಿಳಿಯದು, ಹೆಂಡತಿ ಬಂದದ್ದು ಗಂಡನಿಗೆ ತಿಳಿಯದು. ಅವಳು ಯಾರದ್ದನ್ನೂ ಇಟ್ಟುಕೊಳ್ಳಲಿಲ್ಲ. ಎದುರು ಮನೆಯವರದ್ದನ್ನು ಇಟ್ಟುಕೊಳ್ಳುವುದು ಕಟ್ಟಳೆ, ಅಷ್ಟು ಸಾಕು ಎಂದಳು. ಬಂದವರು ಅವಳ ಮುಖವನ್ನೂ ಗಾಣದವನ ಮುಖವನ್ನೂ ನೋಡಿ ಹಿಂತಿರುಗುತ್ತಿದ್ದರು. ಇಬ್ಬರು ಚೆನ್ನಾಗಿ ಮಲಗಿ ಎದ್ದ ಮುಖ ನೋಡುವುದು ಉಳಿದವರಿಗೆ ದಿನದಿಂದ ದಿನಕ್ಕೆ ಸಹಿಸದಾಯಿತು.

ಯಜಮಾನ ಸಭೆ ಕರೆದ. ಆ ಪಿಸ್ತೂಲು ಊರಿಗೆ ಹೊಂದುವುದಿಲ್ಲ ಎಂದ. ಯಾಕೆ ಹೊಂದುವುದಿಲ್ಲ ಎಂದು ಹೇಳುವ ಹಾಗಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ, ಎಲ್ಲರೂ ತಲೆಯಾಡಿಸಿದರು. ಆ ಸಣ್ಣ ಪಿಸ್ತೂಲು ಸುಮ್ಮನೆ ಗೂಟದಲ್ಲಿ ನೇತಾಡುತ್ತಲೇ, ಆಡಬಾರದ ಮಾತನ್ನು ದಿನಾ ಆಡುತ್ತಿತ್ತು. ಬಂದೂಕು ಬದಲಿಸಲು ಕಟ್ಟಳೆ ಬಿಡುವುದಿಲ್ಲ. ಅಂದಮೇಲೆ ಎರಕದವನು ಅದರ ನಳಿಗೆಯನ್ನು ಕೊರೆದು ಊರಿನ ಅಳತೆಗೆ ಅಗಲ ಮಾಡಬೇಕು. ಹಳೆಯ ಗುಂಡನ್ನು ಕರಗಿಸಬೇಕು. ಅವಳು ಎಲ್ಲರ ಮುಂದೆ ಊರಿನ ಗುಂಡು ತುಂಬಿ ಒಮ್ಮೆ ಹಾರಿಸಿ ತೋರಿಸಬೇಕು. ಒಪ್ಪದಿದ್ದರೆ ಊರು ಬಿಡಬೇಕು.

ಎರಕದವನು ತಲೆ ಕೆರೆದುಕೊಂಡ. ಅಷ್ಟು ಕೊರೆದರೆ ನಳಿಗೆ ಹಾಳೆಯಷ್ಟು ತೆಳುವಾಗುತ್ತದೆ, ಮೊದಲ ಏಟಿಗೇ ಸಿಡಿದು ಹಿಡಿದವರ ಕೈ ಹೋಗುತ್ತದೆ ಎಂದ. ಕೈ ಹೋದರೆ ಅದು ಪಿಸ್ತೂಲಿನ ತಪ್ಪು, ಊರಿನದಲ್ಲ ಎಂದು ಯಜಮಾನ ತೀರ್ಪು ಕೊಟ್ಟ.

ಆ ಸಂಜೆ "ನಮ್ಮವು ಅದಾವೇನ್ರಿ" ಕೇಳಿ ಮುಗಿದ ಮೇಲೂ ಗಾಣದವನು ಒಳಗೆ ಹೋಗಲಿಲ್ಲ. ಓಣಿ ದಾಟಿ ಅವಳ ಕಟ್ಟೆಯ ಮೇಲೆ ಕೂತ. ಊರು ಬಿಟ್ಟು ಹೋಗು ಎಂದು ಬೇಡಿಕೊಂಡ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಪ್ಪ ಸತ್ತ ಮೇಲೆ ತಾನು ದಾಟಿ ಬಂದ ಊರುಗಳ ಹೆಸರು ಹೇಳಿದಳು, ಎಲ್ಲಿಯೂ ಒಂದು ಹೊಸ್ತಿಲು ಸಿಗಲಿಲ್ಲ ಎಂದಳು. ಅತ್ತೆ ಬಿಟ್ಟುಹೋದ ಈ ಎರಡು ಅಂಕಣದ ಮನೆ ಬಿಟ್ಟರೆ ಅವಳಿಗೆ ತಲೆಯ ಮೇಲೆ ಸೂರಿಲ್ಲ.

"ಬಲಗೈ ಹೋದ್ರ ಎಡಗೈಲೆ ಹೊಲೀತೀನಿ ಅಣ್ಣಾ" ಎಂದಳು. "ನಾಳೆ ಗುಂಡು ಕೇಳಿದ್ರ ಕೊಟ್ಟುಬಿಡು."

ಅವನು ಮನೆಗೆ ಬಂದು ಕೂತ. ಕೈ ಅವಳದು, ನಿದ್ದೆ ನನ್ನದು; ನಾಳೆ ಎರಡೂ ಹೋಗುತ್ತವೆ. ತನಗೆ ಅವಳ ಕೈಯ ಚಿಂತೆ ಹೆಚ್ಚೋ ತನ್ನ ನಿದ್ದೆಯ ಚಿಂತೆ ಹೆಚ್ಚೋ ಎಂದು ಕೇಳಿಕೊಂಡರೆ ಅವನಿಗೆ ನೆಟ್ಟಗೆ ಉತ್ತರ ಸಿಗಲಿಲ್ಲ. ಅದಕ್ಕೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಊರೆಲ್ಲ ಕಟ್ಟೆಯ ಮುಂದೆ ಸೇರಿತು. ಎರಕದವನು ಕುಲುಮೆ ಹೊತ್ತಿಸಿ, ಕೊರೆಯುವ ಸಲಾಕೆ ಕಾಯಿಸಿಟ್ಟಿದ್ದ. ಕೌದಿಯವಳು ಪಿಸ್ತೂಲನ್ನು ಸೆರಗಿನಲ್ಲಿ ಒರೆಸಿ ಮುಂದಿಟ್ಟಳು. ಮೊದಲು ಹಳೆಯ ಗುಂಡು ಕರಗಬೇಕು, ಆಮೇಲೆ ನಳಿಗೆ ಕೊರೆಯಬೇಕು. ಯಜಮಾನ ಗಾಣದವನ ಕಡೆ ಕೈಚಾಚಿದ.

ಗಾಣದವನು ಚೀಲವನ್ನು ಎದೆಗೆ ಒತ್ತಿ ಹಿಡಿದು, ಕೊಡುವುದಿಲ್ಲ ಎಂದ. ಕೊಡುವುದು ಬಿಡುವುದು ಇಟ್ಟುಕೊಂಡವರ ಇಷ್ಟ; ಕಟ್ಟಳೆಯೇ ಹಾಗೆ ಹೇಳುತ್ತದೆ. ಆ ಕಟ್ಟಳೆಯನ್ನು ಯಾರಾದರೂ ನಿಜಕ್ಕೂ ಬಳಸಬಹುದು ಎಂದು ಯಜಮಾನ ಎಂದೂ ಎಣಿಸಿರಲಿಲ್ಲ. ಯಾಕೆ ಕೊಡುವುದಿಲ್ಲ ಎಂದು ಕೇಳಿದ. ಕೇಳಬಾರದಿತ್ತು.

"ಯಾಕಂದ್ರ ಇವು ನನ್ನ ಬಂದೂಕಿಗೆ ಹೊಂದಂಗಿಲ್ಲ" ಎಂದ ಗಾಣದವನು. "ನಿಮ್ಮ ಮನ್ಯಾಗ ಇರೂವು ನಿಮ್ಮ ಬಂದೂಕಿಗೆ ಹೊಂದತಾವ. ಎಲ್ಲಾರ ಮನ್ಯಾಗೂ ಹಂಗ. ಎಲ್ಲಾರೂ ಹಾಕಿ ನೋಡೀರಿ. ನಾನೂ ನೋಡೀನಿ. ಅದಕ್ಕ ನಮಗ ನಿದ್ದಿ ಇಲ್ಲ."

ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರೇ ಎದ್ದು ನಡೆದರು. ಮಾತು ಆಡಿದವನನ್ನು ಉಳಿಸಬಾರದು. ಅದಕ್ಕೆ ಬಂದೂಕು ಬೇಕು. ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು, ತಮ್ಮ ತಮ್ಮ ಮನೆಯಿಂದ ಹೊರಬಂದರು. ಯಜಮಾನ ಬಂದ, ಎರಕದವನು ಬಂದ, ಗಂಡಸರು ಬಂದರು, ಹೆಂಗಸರು ಬಂದರು, ಬಗ್ಗಿದ ಬೆನ್ನಿನ ಮುದುಕಿಯೊಬ್ಬಳು ಬಂದೂಕನ್ನು ನೆಲಕ್ಕೆ ಎಳೆಯುತ್ತ ಬಂದಳು. ಬಂದು ಸುತ್ತುಗಟ್ಟಿ ನಿಂತು ಗಾಣದವನ ಎದೆಗೆ ಗುರಿ ಹಿಡಿದರು. ಕೌದಿಯವಳು ಅವನ ಪಕ್ಕಕ್ಕೆ ಬಂದು ನಿಂತಳು.

ಆಗ ಎರಕದವನ ಕಣ್ಣು ಪಕ್ಕದಲ್ಲಿದ್ದ ಯಜಮಾನನ ಬಂದೂಕಿನ ಮೇಲೆ ಬಿತ್ತು. ಅವರಿಬ್ಬರದು ಎದುರುಬದುರು ಮನೆ. ಎರಕದವನು ಕೇಳಿದ:

"ಯಜಮಾನ್ರ, ನೀವು ನಮ್ಮ ಮನಿಗೆ ಬರಲೇ ಇಲ್ಲ. ಗುಂಡು ಎಲ್ಲಿಂದ ಬಂತು?"

ನೀನೂ ನನ್ನ ಮನೆಗೆ ಬರಲಿಲ್ಲ ಎಂಬುದು ಯಜಮಾನನ ಕಣ್ಣಿನಲ್ಲಿತ್ತು. ಅವನ ನಳಿಗೆ ಗಾಣದವನ ಎದೆಯಿಂದ ಸರಿದು ಎರಕದವನ ಕಡೆ ತಿರುಗಿತು. ಎರಕದವನ ನಳಿಗೆ ಅವನ ಕಡೆ ತಿರುಗಿತು. ಆಮೇಲೆ ಎಲ್ಲ ಕಡೆಯೂ ಅದೇ. ಓಣಿ ದಾಟಿ ಯಾರೂ ಕೇಳಿರಲಿಲ್ಲ, ಎಲ್ಲರ ಬಂದೂಕೂ ತುಂಬಿತ್ತು. ಪ್ರತಿಯೊಬ್ಬರೂ ತಮ್ಮ ಎದುರು ಮನೆಯವರನ್ನು ಹುಡುಕಿ, ಗುರಿ ಹಿಡಿದು ನಿಂತರು. ಇಷ್ಟು ವರ್ಷ ದಿನಾ ಸಂಜೆ "ಅದಾವ" ಎಂದ ಬಾಯಿಗಳು ಮುಚ್ಚಿಕೊಂಡಿದ್ದವು. ಗಾಣದವನನ್ನೂ ಕೌದಿಯವಳನ್ನೂ ಯಾರೂ ನೋಡುತ್ತಿರಲಿಲ್ಲ.

ಬಿಸಿಲೇರಿತು. ಬಂದೂಕು ಇಳಿಸಿದವರು ಮೊದಲು ಸಾಯುತ್ತಾರೆ, ಆದ್ದರಿಂದ ಯಾರೂ ಇಳಿಸಲಿಲ್ಲ. ಹಾರಿಸಿದರೆ ಎಲ್ಲರೂ ಸಾಯುತ್ತಾರೆ, ಆದ್ದರಿಂದ ಯಾರೂ ಹಾರಿಸಲಿಲ್ಲ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವಂತಿಲ್ಲ. ತೊಟ್ಟಿಲ ಕೂಸುಗಳು ಮನೆಗಳಲ್ಲಿ ಅಳುತ್ತಿದ್ದವು, ತಾಯಂದಿರು ಕೇಳುತ್ತ ನಿಂತಿದ್ದರು. ಕೊನೆಗೆ ಬಗ್ಗಿದ ಬೆನ್ನಿನ ಮುದುಕಿಗೆ ತಡೆಯದಾಯಿತು.

"ಯವ್ವಾ ಕೌದಿಯಾಕಿ, ನನ್ನ ತೋಳು ಸೋತಾವ" ಎಂದಳು. "ನೀ ಬಂದು ಇದರೊಳಗಿಂದು ತಗಿ. ನಿನಗ ಕೊಟ್ರ ಭಯ ಇಲ್ಲ, ನಿನ್ನದಕ್ಕ ಅದು ಹೊಂದಂಗಿಲ್ಲ."

ಕೌದಿಯವಳು ಹೋದಳು. ಮುದುಕಿಯ ಬಂದೂಕಿನ ಮೇಲೆ ಒಂದು ಕೈ, ಮುದುಕಿಯ ಎದುರು ಮನೆಯವನ ಬಂದೂಕಿನ ಮೇಲೆ ಇನ್ನೊಂದು ಕೈ ಇಟ್ಟಳು. ಎರಡರಿಂದಲೂ ಒಟ್ಟಿಗೇ ಗುಂಡು ತೆಗೆದು ಸೆರಗಿಗೆ ಹಾಕಿಕೊಂಡಳು. ಇಬ್ಬರೂ ಕುಸಿದು ಕೂತರು. ಆಮೇಲೆ ಪಕ್ಕದ ಜೋಡಿ ಕರೆಯಿತು, ಅದರ ಪಕ್ಕದ ಜೋಡಿ ಕರೆಯಿತು. ಎರಡು ಬಂದೂಕು, ಎರಡು ಕೈ, ಒಂದು ಸೆರಗು. ಎರಡು ಬಂದೂಕು, ಎರಡು ಕೈ, ಒಂದು ಸೆರಗು. ಸೆರಗು ಜಗ್ಗಿ ಅವಳ ನಡೆ ವಾರೆಯಾಯಿತು. ಗುಂಡು ಕಳೆದುಕೊಂಡವರು ಒಬ್ಬರ ಮುಖ ಒಬ್ಬರು ನೋಡದೆ, ಆದರೆ ಒಬ್ಬರ ಪಕ್ಕ ಒಬ್ಬರು ಕೂತರು.

ಕೊನೆಗೆ ಉಳಿದದ್ದು ಯಜಮಾನ ಮತ್ತು ಎರಕದವನು. ಅವಳು ಇಬ್ಬರ ಬಂದೂಕಿನ ಮೇಲೂ ಕೈಯಿಟ್ಟಳು. ಎರಕದವನದು ಬಂತು. ಯಜಮಾನ ಬಿಗಿಹಿಡಿದ. ಅವನು ಒಂದು ಹೆಜ್ಜೆ ಹಿಂದೆ ಸರಿದು ಸುತ್ತಲೂ ನೋಡಿದ. ಊರಿಗೆಲ್ಲ ಖಾಲಿ ಬಂದೂಕು, ತುಂಬಿದ್ದು ತನ್ನದೊಂದೇ. ಅವನ ಮುಖದ ಸುಕ್ಕುಗಳು ಒಂದೊಂದಾಗಿ ಸಡಿಲಾದವು. ಊರಿಗೆ ಒಬ್ಬರಾದರೂ ಎಚ್ಚರ ಇರಬೇಕು, ಇದು ನನ್ನ ಹತ್ತಿರ ಇರಲಿ, ನೀವೆಲ್ಲ ಹೋಗಿ ಮಲಗಿ ಎಂದ. ಯಾರೂ ಏಳಲಿಲ್ಲ.

ಕೌದಿಯವಳು ಸೆರಗಿನ ಗುಂಡನ್ನೆಲ್ಲ ನೆಲಕ್ಕೆ ಸುರಿದಳು. ಕಟ್ಟೆಯ ಮೇಲಿದ್ದ ಸಣ್ಣ ಪಿಸ್ತೂಲು ತೆಗೆದುಕೊಂಡು ಗಾಣದವನ ಮುಂದೆ ಹೋಗಿ, ಹೊಸ್ತಿಲ ಹೊರಗೆ ನಿಲ್ಲುವ ಹಾಗೆ ಒಂದು ಮಾರು ದೂರ ನಿಂತಳು.

"ಅಣ್ಣಾ, ನಮ್ಮವು ಕೊಡು."

ಊರು ಹುಟ್ಟಿದ ಮೇಲೆ ಯಾರೂ ಕೇಳದ ಮಾತು ಅದು. ಕಟ್ಟಳೆಯ ಪ್ರಕಾರ ಅವನು ಕೇಳಬೇಕಾದದ್ದನ್ನು ಕೇಳಿದ. "ಯಾಕ?"

"ಯಜಮಾನ್ರ ಕೈಯಾಗಿಂದು ಬಿಡಸಾಕ. ಬಿಡಲಿಲ್ಲಂದ್ರ ಹೊಡ್ಯಾಕ."

ಅವನಿಗೆ ಕೊಡಲು ಮನಸ್ಸಿರಲಿಲ್ಲ. ಆ ಚೀಲ ಕೈಬಿಟ್ಟರೆ ಏನೋ ಒಂದು ಮತ್ತೆ ಕೈಗೆ ಬರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಆದರೂ ಕೊಟ್ಟ. ಅವಳು ಗುಂಡು ತುಂಬಿದಳು. ಅವಳಪ್ಪ ಒಮ್ಮೆಯೂ ತುಂಬಿರದ ಪಿಸ್ತೂಲಿಗೆ ಅದು ನಯವಾಗಿ, ಸದ್ದಿಲ್ಲದೆ ಹೊಂದಿಕೊಂಡಿತು. ಹೊಂದಿಕೊಂಡ ಆ ಕ್ಷಣ ಅವಳ ಮುಖ ಹೇಗಾಯಿತು ಎಂಬುದನ್ನು ಗಾಣದವನೊಬ್ಬನೇ ನೋಡಿದ.

ಯಜಮಾನ ಅವಳಿಗಿಂತ ಮೊದಲೇ ಹಾರಿಸಬಹುದಿತ್ತು. ನಿನ್ನೆಯವರೆಗೆ ಹಾರಿಸಿದ್ದರೆ ಯಾರ ಗುಂಡೋ ಏನೋ, ಎಲ್ಲವೂ ಒಂದೇ ಅಳತೆ ಅನ್ನಬಹುದಿತ್ತು. ಈಗ ಊರಿನಲ್ಲಿ ತುಂಬಿದ ಬಂದೂಕು ಎರಡೇ, ಎರಡೂ ಬೇರೆ ಅಳತೆ. ಸತ್ತವರ ಮೈಯಿಂದ ತೆಗೆದ ಗುಂಡು ಕೊಂದವರ ಹೆಸರು ಹೇಳುತ್ತದೆ. ಕೊಂದವನು ಎಂದು ಕರೆಸಿಕೊಳ್ಳುವ ಧೈರ್ಯ ಯಜಮಾನನಿಗೆ ಇರಲಿಲ್ಲ. ಅವನು ಬಂದೂಕನ್ನು ನೆಲಕ್ಕಿಟ್ಟು ಮುಖ ಮುಚ್ಚಿಕೊಂಡ. ಎರಕದವನೇ ಹೋಗಿ ಅವನನ್ನು ಎಬ್ಬಿಸಿ ಕೈಹಿಡಿದು ಮನೆಗೆ ಕರೆದೊಯ್ದ.

ಊರು ಹಗುರಾಯಿತು. ಗುಂಡನ್ನೆಲ್ಲ ಗೋಣಿಯಲ್ಲಿ ತುಂಬಿ ಕೌದಿಯವಳ ಮನೆಯಲ್ಲಿಟ್ಟರು. ಅವಳು ತನ್ನ ಸಣ್ಣ ಗುಂಡನ್ನು ಗಾಣದವನ ಕೈಗೆ ಹಿಂದಿರುಗಿಸಲು ಹೋದಳು. ಜನ ಬಿಡಲಿಲ್ಲ. ಬೇಡವ್ವ, ಅದು ನಿನ್ನ ಹತ್ತಿರವೇ ಇರಲಿ, ಗೋಣಿ ಕಾಯಲು ಬೇಕಲ್ಲ, ಊರಿಗೆ ಒಬ್ಬರಾದರೂ ಎಚ್ಚರ ಇರಬೇಕಲ್ಲ ಎಂದರು. ಯಜಮಾನ ಆಡಿದ್ದ ಮಾತು ಅದೇ ಎಂದು ಯಾರಿಗೂ ನೆನಪಾಗಲಿಲ್ಲ. ಅಂದು ಊರಿಗೆ ಊರೇ ಮಲಗಿತು. ಮರುದಿನವೂ ಮಲಗಿತು. ಅವಳು ಹೊಲಿದ ಕೌದಿ ಹೊದ್ದು, ಬಾಯಿ ತೆರೆದು, ಗೊರಕೆ ಹೊಡೆದು ಮಲಗಿತು. ಗಾಣಕ್ಕೆ ಕೆಲಸವಿಲ್ಲದಾಯಿತು.

ಎಣ್ಣೆ ಕೇಳಿಕೊಂಡು ಬರುತ್ತಿದ್ದವಳು ಅವಳೊಬ್ಬಳೇ. ಒಂದು ಬೆಳಿಗ್ಗೆ ಬರಲಿಲ್ಲವೆಂದು ಗಾಣದವನೇ ಗಿಂಡಿ ತೆಗೆದುಕೊಂಡು ಓಣಿ ದಾಟಿದ. ಅವಳು ಗೋಣಿಯ ಮಗ್ಗುಲಲ್ಲಿ ಗೋಡೆಗೊರಗಿ ಕೂತಿದ್ದಳು. ಕಣ್ಣು ಕೆಂಡವಾಗಿತ್ತು. ಹೊಲಿಗೆ ಬಿದ್ದಲ್ಲೇ ಬಿದ್ದಿತ್ತು. ತೊಡೆಯ ಮೇಲೆ ಅರ್ಧ ಹೊಲಿದ ಕೌದಿ, ಅದರ ಮೇಲೆ ಪಿಸ್ತೂಲು ಇತ್ತು. ಗಿಂಡಿ ಕೆಳಗಿಟ್ಟು ಅವಳ ಎದುರಿಗೆ ಕೂತ.

"ತಂಗೀ, ಒಂದು ತಾಸು ಮಲಕೋ. ಅದನ್ನ ನನ್ನ ಕೈಯಾಗ ಕೊಡು, ನಾ ಕುಂದರತೀನಿ."

ಅವಳು ಅವನನ್ನು ನೋಡಿದಳು. ಇಡೀ ಊರಿನ ಬಂದೂಕಿನೆದುರು ತನಗಾಗಿ ನಿಂತವನು ಅವನು, ಅದನ್ನು ಅವಳು ಮರೆತಿರಲಿಲ್ಲ. ಅವಳ ಕೈ ಪಿಸ್ತೂಲನ್ನು ಎತ್ತಲು ಹೋಯಿತು. ಹೋಗಿ, ಅದನ್ನು ಮೆಲ್ಲಗೆ ಕೌದಿಯ ಕೆಳಗೆ ಸರಿಸಿಕೊಂಡಿತು.

"ಬ್ಯಾಡಣ್ಣಾ" ಎಂದಳು. "ನನಗ ನಿದ್ದಿ ಬಂದಿಲ್ಲ."

ಅವನು ಎಣ್ಣೆ ಸುರಿದು ಕೊಟ್ಟು, ಓಣಿ ದಾಟಿ ಮನೆಗೆ ಬಂದು ಕದ ಹಾಕಿ ಅಗಳಿ ಜಡಿದ. ಸಂಜೆ ಚಾಪೆ ಹಾಸಿ, ಕದದ ಕಡೆ ಮುಖ ಮಾಡಿ ಕಣ್ಣು ಬಿಟ್ಟುಕೊಂಡೇ ಮಲಗಿದ.